ಬಸ್ಸು ತುಂಬಾ ಜನ: ನಗಿಸೋ ಸಿನಿಮಾ ಬಗ್ಗೆ ನಿಮ್ಮ ಪ್ರಶ್ನೆಗಳು

ಕಾಮಿಡಿ ಸಿನಿಮಾ ಬರೆಯೋದು, ಅದಕ್ಕೆ ದುಡ್ಡು ಹಾಕಿ ಮಾಡೋದು, ಇದರ ಬಗ್ಗೆ ಏನು ಬೇಕಾದ್ರೂ ಕೇಳಿ ಅಂದಿದ್ದಕ್ಕೆ ಕಾಗದ, ವಾಟ್ಸಾಪು ಎಲ್ಲಾ ಸೇರಿ ಸುಮಾರು ಬಂದಿದೆ, ಅದ್ರಲ್ಲಿ ಹೆಚ್ಚಿನವು ನಮ್ಮ ಜಿಲ್ಲೆಯವ್ರದ್ದೇ, ಸಿರ್ಸಿಯಿಂದ ಹಿಡ್ದು ಕಾರವಾರದ ತನಕ. ನಾನು ಹದಿನೈದು ವರ್ಷ ಬೆಂಗಳೂರಲ್ಲಿ ಸಂಭಾಷಣೆ, ಚಿತ್ರಕಥೆ ಬರ್ಕೊಂಡು ಇದ್ದು ಆಮೇಲೆ ಊರಿಗೆ ಬಂದು ಕುಮಟಾ ಸುತ್ತಮುತ್ತ ಒಂದು ಸಣ್ಣ ಸಿನಿಮಾ ನಾನೇ ನಿರ್ಮಾಪಕ ಆಗಿ ಮಾಡಿದ್ದು. ಆ ಎರಡು ಅನುಭವದಿಂದ ಗೊತ್ತಾಗಿದ್ದನ್ನ ಹೇಳ್ತೀನಿ.

ಸಿರ್ಸಿ ಹತ್ರದ ಹಳ್ಳಿಯ ಹುಡುಗ ಕೇಳಿದ್ದು: ಡಿಗ್ರಿ ಮುಗ್ದಿದೆ. ಕಾಲೇಜು ಗ್ಯಾದರಿಂಗಿಗೆ ನಾನು ಬರ್ದ ಪ್ರಹಸನಕ್ಕೆ ಜನ ಹೊಟ್ಟೆ ಹಿಡ್ಕೊಂಡು ನಕ್ಕಿದ್ರು. ಕಾಮಿಡಿ ರೈಟರ್ ಆಗ್ಬೇಕು, ಮುಂದೆ ನಿರ್ಮಾಪಕನೂ ಆಗ್ಬೇಕು. ಅಪ್ಪ ತೋಟ ನೋಡ್ಕೋ ಅಂತಾರೆ. ಈ ವರ್ಷವೇ ಬೆಂಗಳೂರಿಗೆ ಹೋಗ್ಲಾ?

ತಮ್ಮಾ, ಮೊದ್ಲು ಆ ಗ್ಯಾದರಿಂಗಿನ ನಗುವನ್ನ ಸ್ವಲ್ಪ ಬಿಡಿಸಿ ನೋಡು. ಅಲ್ಲಿ ಕೂತವ್ರಿಗೆ ನಿನ್ನ ನಾಟಕದ ಪ್ರಿನ್ಸಿಪಾಲ್ ಯಾರು, ಕ್ಯಾಂಟೀನಿನವ್ರು ಯಾರು ಅಂತ ಮೊದ್ಲೇ ಗೊತ್ತು, ನಿನ್ನ ದೋಸ್ತ ಬಂದು ಕನ್ನಡಕ ಮೂಗಿನ ತುದಿಗೆ ಇಳಿಸಿದ್ರೆ ಸಾಕು ಅರ್ಧ ನಗು ಬಂದಾಯ್ತು. ಅದು ನೀನು ಬರ್ದಿದ್ದಕ್ಕೆ ಬಂದ ನಗು ಅಲ್ಲ, ಅವ್ರು ಮನೆಯಿಂದ ಬರ್ತಾನೇ ತಂದಿದ್ದು. ಅದೇ ಪ್ರಹಸನನ ಯಲ್ಲಾಪುರಕ್ಕೋ ಹಳಿಯಾಳಕ್ಕೋ ತಗೊಂಡು ಹೋಗಿ ಯಾರ ಪರಿಚಯನೂ ಇಲ್ದಿರೋ ಕಡೆ ಆಡ್ಸು. ಅಲ್ಲಿ ಎಷ್ಟು ನಗು ಬಂತೋ ಅಷ್ಟು ನಿಂದು.

ಇನ್ನು ತೋಟದ ವಿಷಯ. ನಾನು ಬರೆಯೋಕೆ ಕಲ್ತಿದ್ದು ಬೆಂಗಳೂರಲ್ಲಿ ಅಲ್ಲ, ಅಡಿಕೆ ಸುಲಿಯೋ ಜಗಲಿ ಮೇಲೆ. ಕೊಯ್ಲಿನ ಹೊತ್ತಲ್ಲಿ ರಾತ್ರಿ ಊಟ ಆದ್ಮೇಲೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂರ್ತಿದ್ರು. ನಮ್ಮನೆಗೆ ಬರ್ತಿದ್ದ ಒಬ್ರು ಅಜ್ಜ ದಿನಾ ಒಂದು ಕಥೆ ಹೇಳೋರು, ಪಕ್ಕದ ಕೇರಿಯ ಎಮ್ಮೆ ವ್ಯಾಪಾರದ್ದೋ, ಹೆಣ್ಣು ನೋಡೋಕೆ ಹೋಗಿ ಬೇರೆ ಮನೆಗೆ ಹೊಕ್ಕಿದ್ದೋ ಅಂತದ್ದು. ಕಥೆ ಇನ್ನೇನು ಗಂಟು ಬಿಚ್ಚತ್ತೆ ಅನ್ನೋ ಜಾಗಕ್ಕೆ ಬಂದ ಕೂಡ್ಲೆ ಅವ್ರು ಮಾತು ನಿಲ್ಲಿಸಿ, ಬಾಯಲ್ಲಿದ್ದ ಕವಳ ಉಗಿಯೋಕೆ ಅಂಗಳದ ತುದಿಗೆ ಎದ್ದು ಹೋಗೋರು. ಆಗ ನಾನು ಗಮನಿಸಿದ್ದು ಕಿವಿಯಿಂದ: ಅಲ್ಲಿ ತನಕ ಚರಕ್ ಚರಕ್ ಅಂತ ಹನ್ನೆರಡು ಕತ್ತಿ ಸದ್ದು ಬರ್ತಿದ್ದಿದ್ದು ಒಂದೊಂದೇ ನಿಂತು ಪೂರ್ತಿ ಸುಮ್ಮನೆ ಆಗ್ತಿತ್ತು. ಅಜ್ಜ ಅಷ್ಟು ಹೊತ್ತೂ ಕಾದು, ಕೊನೇ ಕತ್ತಿ ನಿಂತ ಮೇಲೆ ನಿಧಾನಕ್ಕೆ ವಾಪಸ್ ಬಂದು ಕೂತು ಒಂದೇ ಒಂದು ಮಾತು ಹೇಳೋರು. ಇಡೀ ಜಗಲಿ ನಗ್ತಿತ್ತು. ಮಾತು ಎಲ್ಲಿ ನಿಲ್ಲಿಸ್ಬೇಕು ಅನ್ನೋದನ್ನ ಯಾವ ಪುಸ್ತಕನೂ ನನಗೆ ಇಷ್ಟು ಚೆನ್ನಾಗಿ ಹೇಳ್ಕೊಟ್ಟಿಲ್ಲ. ಹಾಗಾಗಿ ಒಂದು ಹಂಗಾಮು ಊರಲ್ಲೇ ಇದ್ದು ಅಪ್ಪನ ಜೊತೆ ಕೆಲ್ಸ ಮಾಡು, ಆ ವರ್ಷದಲ್ಲಿ ಮೂರು ಪೂರ್ತಿ ಸ್ಕ್ರಿಪ್ಟ್ ಬರಿ. ಒಂದೇ ಕಥೆ ಹಿಡ್ಕೊಂಡು ಹೋದೋನು ಆ ಕಥೆ ಯಾರಿಗೂ ಬೇಡ ಅಂದ ದಿನ ಖಾಲಿ ಕೈಯಲ್ಲಿ ನಿಂತ್ಕೊಳ್ತಾನೆ, ಇದನ್ನ ಬಹಳ ಜನರಲ್ಲಿ ನೋಡಿದ್ದೀನಿ.

ಬೆಂಗಳೂರಿಗೆ ಹೋದ್ಮೇಲೆ ನೇರ ರೈಟರ್ ಅಂತ ಯಾರೂ ತಗೊಳ್ಳೋದಿಲ್ಲ, ಯಾವ್ದಾದ್ರೂ ನಿರ್ದೇಶಕರ ಡಿಸ್ಕಷನ್ ಟೀಮಿಗೆ, ಅಂದ್ರೆ ಕೂತು ಕಥೆ ಚರ್ಚೆ ಮಾಡೋ ಗುಂಪಿಗೆ, ಸೇರ್ಕೋ. ಹಿಂದೆ ಮುಖ್ಯ ಕಥೆ ಒಂದು ಕಡೆ, ಕಾಮಿಡಿ ಟ್ರ್ಯಾಕ್ ಇನ್ನೊಂದು ಕಡೆ ಅಂತ ಬೇರೆ ಬೇರೆ ಬರೆಸ್ತಿದ್ರು, ಹಾಸ್ಯನಟರ ನಾಲ್ಕೈದು ದಿನದ ಕಾಲ್‌ಶೀಟಲ್ಲಿ ಅದನ್ನ ತೆಗೆದು ಮಧ್ಯ ಮಧ್ಯ ಸೇರಿಸ್ತಿದ್ರು, ಹೊಸಬ್ರಿಗೆ ಅದೇ ಬಾಗಿಲಾಗಿತ್ತು. ಈಗ ನಗು ಕಥೆ ಒಳಗೇ ಬರ್ಬೇಕು ಅಂತಾರೆ, ಒಳ್ಳೇದೇ, ಆದ್ರೆ ಆ ಬಾಗಿಲು ಸಣ್ಣದಾಗಿದೆ. ದುಡ್ಡು ಕಂತಲ್ಲಿ ಬರತ್ತೆ: ಅಡ್ವಾನ್ಸ್, ಮೊದಲ ಡ್ರಾಫ್ಟಿಗೆ ಒಂದು, ಡೈಲಾಗ್ ವರ್ಷನ್ (ಮಾತೆಲ್ಲಾ ಸೇರಿಸಿ ಬರೆದ ಸ್ಕ್ರಿಪ್ಟ್) ಮುಗಿದ್ಮೇಲೆ ಒಂದು, ಶೂಟಿಂಗ್ ಶುರು ಆದಾಗ ಒಂದು. ನನಗೆ ಒಂದು ಸಿನಿಮಾದಲ್ಲಿ ಕೊನೇ ಎರಡು ಕಂತೂ ಬರ್ಲಿಲ್ಲ, ಟೈಟಲ್ ಕಾರ್ಡಲ್ಲಿ ಹೆಸರೂ ಬರ್ಲಿಲ್ಲ, ಥಿಯೇಟರಲ್ಲಿ ಕೂತು ನನ್ನ ಮಾತಿಗೆ ಜನ ನಗೋದನ್ನ ಕೇಳಿ ಹೊರಗೆ ಬಂದು ಬಹಳ ಹೊತ್ತು ಫುಟ್‌ಪಾತಲ್ಲಿ ನಿಂತಿದ್ದೆ. ಅದಕ್ಕೇ ಹೇಳ್ತೀನಿ, ಕಾಗದದ ಮೇಲೆ ಸಹಿ ಆಗದೆ ಡೈಲಾಗ್ ವರ್ಷನ್ ಕೊಡ್ಬೇಡ.

ಕುಮಟಾದಿಂದ: ಸ್ಕ್ರಿಪ್ಟ್ ಯಾವ ಸಾಫ್ಟ್‌ವೇರಲ್ಲಿ ಬರೀಬೇಕು? ಎಷ್ಟು ಪುಟ?

ಯಾವ್ದ್ರಲ್ಲಾದ್ರೂ ಬರೀರಿ, ನೋಟ್‌ಬುಕ್ಕಲ್ಲಾದ್ರೂ ಸರಿ. ದೃಶ್ಯದ ನಂಬರು, ಒಳಗೋ ಹೊರಗೋ, ಹಗಲೋ ರಾತ್ರಿಯೋ, ಯಾರ್ಯಾರು ಇದ್ದಾರೆ, ಇಷ್ಟು ಮೇಲೆ ಸ್ಪಷ್ಟ ಇರ್ಲಿ. ಒಂದು ಪುಟಕ್ಕೆ ಒಂದು ನಿಮಿಷ ಅನ್ನೋ ಲೆಕ್ಕ ಕಾಮಿಡಿಗೆ ಸರಿಯಾಗಿ ಕೂರೋದಿಲ್ಲ, ಮಾತಿನ ಚಕಮಕಿ ಇದ್ರೆ ಪುಟ ಬೇಗ ಓಡತ್ತೆ, ಮಾತಿಲ್ದೆ ಮುಖ ನೋಡೋ ತಮಾಷೆ ಇದ್ರೆ ಎರಡು ಸಾಲೇ ಒಂದು ನಿಮಿಷ ತಿನ್ನತ್ತೆ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ.

ಕಾರವಾರದ ನಿವೃತ್ತ ಶಿಕ್ಷಕರು ಕೇಳಿದ್ದು: ಕಾಶೀನಾಥ್, ದ್ವಾರಕೀಶ್ ಇಬ್ರನ್ನೂ ನಮ್ಮ ತಲೆಮಾರು ಪ್ರೀತಿಯಿಂದ ನೋಡಿದೆ. ಅವ್ರ ವೃತ್ತಿಜೀವನದಿಂದ ಈಗಿನ ಹುಡುಗ್ರು ಕಲಿಯೋದು ಏನಾದ್ರೂ ಇದೆಯಾ?

ಬಹಳ ಇದೆ ಮಾಸ್ತರ್ರೇ, ಮತ್ತೆ ನೀವು ಇಬ್ರ ಹೆಸರನ್ನೂ ಒಟ್ಟಿಗೆ ಕೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ಅವ್ರು ಹಿಡಿದಿದ್ದು ಎರಡು ಬೇರೆ ದಾರಿ. ಕಾಶೀನಾಥ್ ನಮ್ಮ ಪಕ್ಕದ ಕುಂದಾಪುರದ ಕಡೆಯವ್ರು. 1976ರಲ್ಲಿ ನಿರ್ದೇಶಕರಾಗಿ ಶುರು ಮಾಡಿ, 1984ರ 'ಅನುಭವ'ದಿಂದ ಮನೆ ಮನೆಗೂ ಗೊತ್ತಾದ್ರು. ಹೀರೋ ಅಂದ್ರೆ ಹತ್ತು ಜನಕ್ಕೆ ಹೊಡೆಯೋನು ಅನ್ನೋ ಕಾಲದಲ್ಲಿ ಅವ್ರು ಮುಂದೆ ತಂದು ನಿಲ್ಲಿಸಿದ್ದು ಮೈಕಟ್ಟಿಲ್ಲದ, ಮುಜುಗರ ಪಡೋ, ಪಕ್ಕದ್ಮನೆ ಗಂಡಸನ್ನ. ಅವ್ರ ಸಿನಿಮಾದ ದ್ವಂದ್ವಾರ್ಥದ ಮಾತು ಹಲವರಿಗೆ ಇಷ್ಟ ಆಗ್ಲಿಲ್ಲ, ಅದು ಸಹಜ, ನಮ್ಮನೇಲೂ ಟಿವಿ ಆಫ್ ಮಾಡ್ತಿದ್ರು. ಆದ್ರೆ ಅವ್ರನ್ನ ನಕಲು ಮಾಡಿದವ್ರು ಆ ಮಾತನ್ನ ಮಾತ್ರ ತಗೊಂಡ್ರು, ಆ ಮುಜುಗರದ ಮನುಷ್ಯನ್ನ ಬಿಟ್ಟೇ ಬಿಟ್ರು, ಅದಕ್ಕೇ ಅವು ನಿಲ್ಲಲಿಲ್ಲ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಅವ್ರು ಹೊಸಬ್ರನ್ನ ಬೆಳೆಸಿದ್ರು. ಉಪೇಂದ್ರ, ವಿ. ಮನೋಹರ್ ಇವ್ರೆಲ್ಲಾ ಅವ್ರ ಗರಡಿಯಿಂದ ಬಂದವ್ರು. 2018ರ ಜನವರಿ 18ಕ್ಕೆ ಅವ್ರು ತೀರ್ಕೊಂಡಾಗ ಉದ್ಯಮಕ್ಕೆ ಒಬ್ಬ ಮೇಷ್ಟ್ರು ಹೋದ ಹಾಗೇ ಆಯ್ತು.

ದ್ವಾರಕೀಶ್ ಹುಣಸೂರಿನವ್ರು, 1942ರಲ್ಲಿ ಹುಟ್ಟಿದ್ದು, ಮೈಸೂರಲ್ಲಿ ಅಣ್ಣನ ಜೊತೆ ಗಾಡಿ ಬಿಡಿಭಾಗದ ವ್ಯಾಪಾರ ಮಾಡ್ತಿದ್ದವ್ರು ಸಿನಿಮಾಕ್ಕೆ ಬಂದ್ರು. ಹಾಸ್ಯನಟ ಅಂದ್ರೆ ಕರೆದಾಗ ಬಂದು ನಗಿಸಿ ಹೋಗೋನು ಅಂತಿದ್ದಾಗ ಅವ್ರು 1969ರಲ್ಲಿ ಡಾ. ರಾಜ್‌ಕುಮಾರ್ ಅವ್ರನ್ನ ಹಾಕ್ಕೊಂಡು 'ಮೇಯರ್ ಮುತ್ತಣ್ಣ' ನಿರ್ಮಾಣ ಮಾಡಿದ್ರು, ಸಿದ್ದಲಿಂಗಯ್ಯ ಅವ್ರಿಗೆ ನಿರ್ದೇಶಕರಾಗಿ ಅದೇ ಮೊದಲ ಸಿನಿಮಾ. 1978ರಷ್ಟು ಹಿಂದೇನೇ ಕ್ಯಾಮೆರಾ ತಗೊಂಡು ಸಿಂಗಾಪುರಕ್ಕೆ ಹೋದವ್ರು. ಗೆದ್ರು, ಆಮೇಲೆ ಸಾಲು ಸಾಲು ಸೋತು ಸಾಲಕ್ಕೆ ಸಿಕ್ಕಿದ್ರು, ಮತ್ತೆ 2004ರಲ್ಲಿ 'ಆಪ್ತಮಿತ್ರ'ದಿಂದ ಎದ್ದು ನಿಂತ್ರು. 2024ರ ಏಪ್ರಿಲಲ್ಲಿ ಹೋದ್ರು. ಆ ಧೈರ್ಯಕ್ಕೆ ನಾನು ಕೈ ಮುಗಿತೀನಿ. ಆದ್ರೆ ನಮ್ಮ ಕಡೆ ಹುಡುಗ್ರು ಕೇಳಿದ್ರೆ ಕಾಶೀನಾಥ್ ದಾರಿಯಲ್ಲಿ ಶುರು ಮಾಡಿ ಅಂತೀನಿ: ಒಂದು ಮನೆ, ನಾಲ್ಕು ಜನ, ಬಿಡಿಸ್ಕೊಳ್ಳೋಕೆ ಆಗದ ಒಂದು ಪೇಚು.

ಹೊನ್ನಾವರದ ಓದುಗರೊಬ್ರು ಕೇಳಿದ್ದು: ಒಬ್ರು ನಿರ್ಮಾಪಕರಿಗೆ ಫೋನಲ್ಲಿ ನನ್ನ ಹಾಸ್ಯ ಕಥೆ ಹೇಳಿದ್ದೆ. ಎರಡು ವರ್ಷ ಬಿಟ್ಟು ಅಂತದ್ದೇ ಸಿನಿಮಾ ಬಂತು. ಕೇಸ್ ಹಾಕ್ಬಹುದಾ?

ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ, ಆದ್ರೆ ಇದ್ದಿದ್ದನ್ನ ಇದ್ದ ಹಾಗೇ ಹೇಳ್ಬೇಕು. ನಮ್ಮ ಕಾನೂನಲ್ಲಿ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಬರೆದ ರೂಪಕ್ಕೆ ಮಾತ್ರ ಇದೆ. 1978ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂತದ್ದೇ ಒಂದು ಕೇಸಿತ್ತು, ಆರ್.ಜಿ. ಆನಂದ್ ಅನ್ನೋ ನಾಟಕಕಾರರು 1953ರಲ್ಲಿ ಒಂದು ನಾಟಕ ಬರೆದಿದ್ರು, ಬೇರೆ ಬೇರೆ ಪ್ರಾಂತ್ಯದ ಎರಡು ಕುಟುಂಬ, ಅವ್ರ ಮಕ್ಕಳ ಪ್ರೀತಿ. ಅದನ್ನ ಸಿನಿಮಾದವ್ರಿಗೆ ಕೂರ್ಸಿ ಹೇಳಿದ್ರು, 1956ರಲ್ಲಿ ಅದೇ ವಿಷಯದ ಹಿಂದಿ ಸಿನಿಮಾ ಬಂತು. ಕೋರ್ಟ್ ಹೇಳಿದ್ದು, ವಿಷಯ ಒಂದೇ ಇರ್ಬಹುದು, ಆದ್ರೆ ಅದನ್ನ ಬೆಳೆಸಿದ ರೀತಿ, ದೃಶ್ಯ, ಹೆಣಿಗೆ ಬೇರೆ ಇದ್ರೆ ಅದು ನಕಲು ಅಲ್ಲ ಅಂತ. ಅವ್ರು ಸೋತ್ರು. ಈಗ್ಲೂ ಇಂತ ಕೇಸುಗಳಲ್ಲಿ ವಕೀಲರು ಮೊದ್ಲು ತೆಗೆಯೋ ತೀರ್ಪು ಅದೇ. ನೀವು ಫೋನಲ್ಲಿ ಹೇಳಿದ್ದು ಮಾತ್ರ ಆದ್ರೆ, ಬರವಣಿಗೆ ಏನೂ ಇಲ್ದಿದ್ರೆ, ಕೋರ್ಟಲ್ಲಿ ನಿಲ್ಲೋದು ಬಹಳ ಕಷ್ಟ.

ಮುಂದಿನ ಕಥೆಗಾದ್ರೂ ಹೀಗೆ ಮಾಡಿ. ಪೂರ್ತಿ ಬರೀರಿ, ಬರೆದಿದ್ದನ್ನ ಕಾಪಿರೈಟ್ ಆಫೀಸಲ್ಲಿ ನೋಂದಣಿ ಮಾಡ್ಸಿ, ಆನ್‌ಲೈನಲ್ಲೇ ಆಗತ್ತೆ, ಸಾಹಿತ್ಯ ಕೃತಿಗೆ 500 ರೂಪಾಯಿ ಫೀ, ಯಾರಾದ್ರೂ ಆಕ್ಷೇಪ ಎತ್ತೋಕೆ 30 ದಿನ ಕಾಯ್ತಾರೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದ್ರೆ ಅಲ್ಲೂ ಸ್ಕ್ರಿಪ್ಟ್ ರಿಜಿಸ್ಟರ್ ಮಾಡ್ಬಹುದು. ಕಥೆ ಹೇಳಿ ಬಂದ ದಿನ ಸಂಜೆನೇ ಅವ್ರಿಗೊಂದು ಇಮೇಲ್ ಹಾಕಿ, ಇವತ್ತು ಇಷ್ಟೊತ್ತಿಗೆ ಈ ಕಥೆ ಹೇಳಿದ್ದೀನಿ, ಸಾರಾಂಶ ಇಲ್ಲಿದೆ ಅಂತ. ಅಗ್ರಿಮೆಂಟ್ ಬಂದಾಗ ಎರಡು ಜಾಗ ನೋಡಿ. ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೀದಿದ್ರೆ ಕಾನೂನು ಪ್ರಕಾರ 5 ವರ್ಷ ಅಂತ ಲೆಕ್ಕ. ಮತ್ತೆ 2012ರ ತಿದ್ದುಪಡಿ ಆದ್ಮೇಲೆ, ಥಿಯೇಟರ್ ಬಿಟ್ಟು ಬೇರೆ ಕಡೆ ನಿಮ್ಮ ಬರವಣಿಗೆ ಬಳಸಿದ್ರೆ ಬರೋ ರಾಯಲ್ಟಿಯ ಪಾಲನ್ನ ನಿರ್ಮಾಪಕರಿಗೆ ಬರ್ಕೊಟ್ಟುಬಿಡೋಕೆ ಆಗೋದೇ ಇಲ್ಲ, ಬರ್ಕೊಟ್ರೂ ಅದು ನಡೆಯೋದಿಲ್ಲ. ಬರೆದಿದ್ದು ನಾನು ಅಂತ ಹೇಳ್ಕೊಳ್ಳೋ ಹಕ್ಕೂ ಅಷ್ಟೇ, ಎಲ್ಲಾ ಮಾರಿದ ಮೇಲೂ ಅದು ನಿಮ್ಮ ಹತ್ರನೇ ಉಳಿಯತ್ತೆ. ನನಗೆ ಆವತ್ತು ಆ ಫುಟ್‌ಪಾತಲ್ಲಿ ಇದು ಗೊತ್ತಿರ್ಲಿಲ್ಲ.

ಅಂಕೋಲಾದಿಂದ: ನಮ್ಮ ಕಡೆ ಮಾತಲ್ಲಿ ಬರ್ದ್ರೆ ಬೆಂಗಳೂರವ್ರಿಗೆ, ಮೈಸೂರವ್ರಿಗೆ ನಗು ಬರತ್ತಾ? ಎಲ್ರೂ ನಾರ್ಮಲ್ ಕನ್ನಡದಲ್ಲಿ ಬರಿ ಅಂತಾರೆ.

ನಾರ್ಮಲ್ ಕನ್ನಡ ಅಂತ ಒಂದು ಎಲ್ಲಿದೆ ಹೇಳಿ. ನಿಮ್ಮೂರಲ್ಲೇ ಹಾಲಕ್ಕಿಯವ್ರ ಮಾತು ಬೇರೆ, ನಾಡವ್ರದ್ದು ಬೇರೆ, ಘಟ್ಟ ಹತ್ತಿದ್ರೆ ಹವ್ಯಕರದ್ದು ಬೇರೆ, ಕಾರವಾರಕ್ಕೆ ಹೋದ್ರೆ ಅರ್ಧ ಕೊಂಕಣಿ. ಜನ ನಗೋದು ಮಾತು ವಿಚಿತ್ರ ಕೇಳ್ಸತ್ತೆ ಅಂತ ಆದ್ರೆ ಆ ಸಿನಿಮಾ ಬೇಡ, ಅದು ನಮ್ಮನ್ನ ನೋಡಿ ನಗೋದು. ಮಾತಾಡೋನಿಗೆ ಎಂತ ಬೇಕು, ಎಂತ ಮುಚ್ಚಿಡ್ತಿದ್ದಾನೆ ಅನ್ನೋದು ಗೊತ್ತಾದ್ರೆ ಯಾವ ಊರವ್ನಿಗೂ ನಗು ಬರತ್ತೆ. ಮನೆಗೆ ಸಾಲ ವಸೂಲಿಗೆ ಬಂದವ್ನ ಹತ್ರ ಮನೆಯವ್ಳು "ಆಸರಿಗೆ ಬೇಕಾ?" ಅಂತ ನಾಲ್ಕು ಸಲ ಕೇಳಿದ್ರೆ, ಆಸರಿ ಅಂದ್ರೆ ಕುಡಿಯೋಕೆ ಕೊಡೋದು ಅಂತ ಗೊತ್ತಿಲ್ದವ್ನಿಗೂ ಮೂರನೇ ಸಲಕ್ಕೆ ಅರ್ಥ ಆಗಿರತ್ತೆ, ಅವಳು ಮಾತು ತಪ್ಪಿಸ್ತಿದ್ದಾಳೆ ಅನ್ನೋದೂ ಅರ್ಥ ಆಗಿರತ್ತೆ.

ನಮ್ಮ ಯಕ್ಷಗಾನದ ಹಾಸ್ಯಗಾರರನ್ನ ನೋಡಿ. ಪ್ರಸಂಗದ ಪುಸ್ತಕದಲ್ಲಿ ರಾಜನಿಗೆ ಪದ್ಯ ಇದೆ, ರಾಕ್ಷಸನಿಗೆ ಇದೆ, ಹಾಸ್ಯಗಾರ ಮಾಡೋ ದೂತನಿಗೆ ಹೆಚ್ಚಿನ ಕಡೆ ಏನೂ ಇಲ್ಲ, ಅವ್ನು ಎಲ್ಲಾ ರಂಗದ ಮೇಲೇ ಹುಟ್ಟಿಸ್ಬೇಕು. ರಾಜ ದೊಡ್ಡ ಭಾಷೆಯಲ್ಲಿ ಹೇಳಿದ್ದನ್ನ ನೆಲದಲ್ಲಿ ಕೂತವ್ರ ಮಾತಿಗೆ ಇಳಿಸೋದು ಅವ್ನ ಕೆಲ್ಸ. ಸಣ್ಣವ್ರಿದ್ದಾಗ ಚೌಕಿಮನೆ ಪರದೆ ಸಂದಿಯಿಂದ ಇಣುಕಿ ನೋಡ್ತಿದ್ವಿ, ಒಬ್ರು ಹಾಸ್ಯಗಾರರು ಮುಖಕ್ಕೆ ಬಣ್ಣ ಹಚ್ಕೊಳ್ತಾ ಪಕ್ಕದಲ್ಲಿ ನಿಂತಿದ್ದ ಊರವ್ರ ಹತ್ರ "ಈಗ ನಿಮ್ಮೂರಲ್ಲಿ ಎಂತ ಸುದ್ದಿ?" ಅಂತ ಕೇಳ್ತಿದ್ರು. ಊರಿನ ಬಾವಿ ಮೋಟಾರು ಮೂರು ತಿಂಗಳಿಂದ ಕೆಟ್ಟಿದೆ ಅಂದ್ರು ಯಾರೋ. ರಾತ್ರಿ ಎರಡು ಗಂಟೆಗೆ ರಾಜ ನೀರು ತಾ ಅಂದಾಗ ದೂತ ಏನೂ ಹೇಳ್ಲಿಲ್ಲ, ಸುಮ್ನೆ ಊರ ಹಿರಿಯರು ಕೂತಿದ್ದ ಕುರ್ಚಿ ಕಡೆ ತಿರುಗಿ ನೋಡಿದ, ಅಷ್ಟೇ. ನಿದ್ದೆ ಹೋದವ್ರೂ ಎದ್ದು ನಕ್ರು. ಹೋಳಿ ಹೊತ್ತಲ್ಲಿ ನಿಮ್ಮ ಕಡೆ ಸುಗ್ಗಿಯಲ್ಲಿ ಹಗರಣ ಕಟ್ತಾರಲ್ಲ, ವೇಷ ಹಾಕಿ ಊರಿನ ಸುದ್ದಿಯನ್ನೇ ಅಣಕು ಮಾಡೋದು, ಅದೂ ಇದೇ ವಿದ್ಯೆ. ಅಂಕೋಲೆಯವ್ರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಾ?

ಭಟ್ಕಳದಿಂದ: ನಾನು, ಗಲ್ಫಲ್ಲಿರೋ ಇಬ್ರು ಸ್ನೇಹಿತ್ರು ಸೇರಿ ಒಂದು ಕಾಮಿಡಿ ಸಿನಿಮಾಕ್ಕೆ ದುಡ್ಡು ಹಾಕೋಣ ಅಂತಿದ್ದೀವಿ. ರೈಟರ್ ಆಗಿದ್ದು ಪ್ರೊಡ್ಯೂಸರ್ ಆದ್ರಿ, ಎಂತ ವ್ಯತ್ಯಾಸ? ದುಡ್ಡು ಹೇಗೆ ವಾಪಸ್ ಬರತ್ತೆ?

ವ್ಯತ್ಯಾಸ ನನಗೆ ಒಂದು ಬೆಳಿಗ್ಗೆ ಗೊತ್ತಾಯ್ತು. ನನ್ನ ಸ್ಕ್ರಿಪ್ಟಲ್ಲಿ ದೇವಿಮನೆ ಘಟ್ಟದಲ್ಲಿ ಬಸ್ಸಿನ ದೃಶ್ಯ ಇತ್ತು, ಕಂಡಕ್ಟರು ಎಲ್ರಿಗೂ ಚಿಲ್ರೆ ಬಾಕಿ ಇಟ್ಟು ಜಗಳ ಆಗೋದು. ರೈಟರ್ ಆಗಿ ನಾನು ಬರ್ದಿದ್ದು ಮೂರೇ ಶಬ್ದ, "ಬಸ್ಸು ತುಂಬಾ ಜನ". ನಿರ್ಮಾಪಕ ಆಗಿ ಬೆಳಿಗ್ಗೆ ಐದೂವರೆಗೆ ಕುಮಟಾದಲ್ಲಿ ನಿಂತಾಗ ಆ ಮೂರು ಶಬ್ದ ನಲವತ್ತು ಜನ ಆಗಿ ಎದುರಿಗೆ ನಿಂತಿತ್ತು, ನಲವತ್ತು ಪ್ಲೇಟ್ ಅವಲಕ್ಕಿ, ನಲವತ್ತು ಚಾ, ನಲವತ್ತು ಜನರ ದಿನಗೂಲಿ, ಬಸ್ಸಿನ ಬಾಡಿಗೆ, ಡೀಸೆಲ್, ಮೇಲೆ ಮಳೆ. ಮಳೆ ಬಿಡ್ಲೇ ಇಲ್ಲ, ಆ ದಿನ ಪೂರ್ತಿ ಹೋಯ್ತು. ಎರಡನೇ ದಿನಕ್ಕೆ ಅಷ್ಟು ದುಡ್ಡು ಇರ್ಲಿಲ್ಲ. ರಾತ್ರಿ ಕೂತು ದೃಶ್ಯ ಮತ್ತೆ ಬರ್ದೆ.

ಚಿಲ್ರೆ ಇಲ್ದಿದ್ರೆ ಕಂಡಕ್ಟರು ಟಿಕೇಟಿನ ಹಿಂದೆ ಬಾಕಿ ಬರ್ದು ಕೊಡ್ತಾರಲ್ಲ, ಅದನ್ನ ಹಿಡ್ಕೊಂಡೆ. ಹೊಸ ದೃಶ್ಯದಲ್ಲಿ ಬಸ್ಸು ಹೋಗಿಬಿಟ್ಟಿದೆ, ಸ್ಟಾಪಲ್ಲಿ ಒಬ್ಳೇ ಅಜ್ಜಿ, ಕೈಯಲ್ಲಿ ಟಿಕೇಟು, ಹಿಂದೆ ಪೆನ್ನಲ್ಲಿ "2" ಅಂತ ಇದೆ. ಬಾಕಿ ಇಸ್ಕೊಳ್ಳೋದು ಮರ್ತು ಇಳಿದಿದ್ದಾಳೆ. ಸಂಜೆ ಅದೇ ಬಸ್ಸು ವಾಪಸ್ ಬರೋ ತನಕ ಅಲ್ಲೇ ಕೂತಿರ್ತಾಳೆ. ಬಸ್ಸು ಬಂತು, ಕೈ ಅಡ್ಡ ಹಾಕಿದ್ಲು, ಕಂಡಕ್ಟರು ಬಾಗಿಲು ತೆಗೆದು "ಹತ್ತಿ ಅಮ್ಮ, ಬೇಗ" ಅಂದ. "ಹತ್ತೋದಲ್ಲ ತಮ್ಮಾ" ಅಂತ ಟಿಕೇಟು ಮುಂದೆ ಹಿಡಿದ್ಲು. ಅವ್ನು ಟಿಕೇಟು ನೋಡಿದ, ಚೀಲದಲ್ಲಿ ಕೈ ಹಾಕಿ ಹುಡುಕಿದ, ಆಮೇಲೆ ಕಿವಿ ಮೇಲಿಂದ ಪೆನ್ನು ತೆಗೆದು ಆ "2" ಕೆಳಗೆ ಇನ್ನೊಂದು ಗೆರೆ ಎಳೆದು "ನಾಳೆ" ಅಂತ ಬರ್ದು ವಾಪಸ್ ಕೊಟ್ಟ. ಬಸ್ಸು ಹೋಯ್ತು. ಇಬ್ರು ನಟರು, ಬಸ್ಸು ಬೇಕಾಗಿದ್ದು ಒಂದು ಗಂಟೆ. ಇಡೀ ಸಿನಿಮಾದಲ್ಲಿ ಜನ ಅತಿ ಹೆಚ್ಚು ನಕ್ಕಿದ್ದು ಅಲ್ಲೇ, ಮೊದಲಿನ ಜಗಳದ ದೃಶ್ಯಕ್ಕೆ ಹಾಗೆ ನಗ್ತಿರ್ಲಿಲ್ಲ ಅಂತ ಈಗ್ಲೂ ನನಗೆ ಖಾತ್ರಿ ಇದೆ. ಹಾಗಾಗಿ ದುಡ್ಡು ಹಾಕೋ ಮೊದ್ಲು ನಿಮ್ಮ ರೈಟರನ್ನ ಪಕ್ಕ ಕೂರ್ಸ್ಕೊಂಡು ಒಂದೊಂದು ದೃಶ್ಯಕ್ಕೂ ಇದು ಎಷ್ಟು ಜನ, ಎಷ್ಟು ದಿನ ಅಂತ ಕೇಳಿ. ಕಡಿಮೆ ಮಾಡೋಕೆ ಅಂತ ಅಲ್ಲ, ನಗು ನಿಜವಾಗಿ ಎಲ್ಲಿದೆ ಅಂತ ಹುಡುಕೋಕೆ.

ವಾಪಸ್ ಬರೋ ಲೆಕ್ಕ ಹೀಗೆ. 236 ರೂಪಾಯಿ ಟಿಕೇಟು ಅಂದ್ರೆ ಅದ್ರಲ್ಲಿ 36 ಜಿಎಸ್‌ಟಿಗೆ ಹೋಯ್ತು, ನೂರು ರೂಪಾಯಿ ಮೇಲಿನ ಟಿಕೇಟಿಗೆ 18 ಪರ್ಸೆಂಟು. ಉಳಿದ ಇನ್ನೂರರಲ್ಲಿ ಥಿಯೇಟರಿನವ್ರ ಪಾಲು, ಅದು ಸಿಂಗಲ್ ಸ್ಕ್ರೀನಲ್ಲಿ ಬಾಡಿಗೆಯೋ ಪರ್ಸೆಂಟೇಜೋ, ಮಲ್ಟಿಪ್ಲೆಕ್ಸಲ್ಲಿ ಸಾಮಾನ್ಯವಾಗಿ ಅರ್ಧದ ಹತ್ರ ಶುರುವಾಗಿ ವಾರ ಕಳೆದ ಹಾಗೆ ನಿಮ್ಮ ಪಾಲು ಇಳಿತಾ ಹೋಗತ್ತೆ. ಆಮೇಲೆ ವಿತರಕರ ಕಮಿಷನ್, ಪೋಸ್ಟರು, ಜಾಹೀರಾತು ಕಳೆದು ಉಳಿದಿದ್ದು ನಿಮ್ಮ ಮನೆಗೆ. ಪ್ರಚಾರದ ದುಡ್ಡನ್ನ ಶೂಟಿಂಗ್ ದುಡ್ಡಿಂದ ಬೇರೆ ಎತ್ತಿಡಿ, ಸಣ್ಣ ಸಿನಿಮಾದವ್ರು ಇಲ್ಲೇ ಮುಗ್ಗರಿಸೋದು, ಸಿನಿಮಾ ರೆಡಿ ಆಗಿರತ್ತೆ, ಬಂದಿದೆ ಅಂತ ಯಾರಿಗೂ ಗೊತ್ತಾಗಿರೋದಿಲ್ಲ. ಓಟಿಟಿ, ಸ್ಯಾಟಲೈಟ್ (ಟಿವಿ ಹಕ್ಕು) ಇದೆಯಲ್ಲ ಅಂತ ಸ್ನೇಹಿತ್ರು ಹೇಳಿದ್ರೆ, ಕೈಗೆ ಅಗ್ರಿಮೆಂಟ್ ಬರೋ ತನಕ ಆ ದುಡ್ಡನ್ನ ಸೊನ್ನೆ ಅಂತಲೇ ಬರ್ಕೊಳ್ಳಿ.

ಇನ್ನೊಂದು, ಸೆನ್ಸಾರ್. 2024ರಿಂದ ಯುಎ (ಸಣ್ಣ ಮಕ್ಕಳು ದೊಡ್ಡವ್ರ ಜೊತೆ ನೋಡೋದು) ಸರ್ಟಿಫಿಕೇಟು 7+, 13+, 16+ ಅಂತ ಮೂರಾಗಿದೆ. ಹಸಿ ಮಾತು ಹಾಕಿ ಎ (ವಯಸ್ಕರಿಗೆ ಮಾತ್ರ) ಸರ್ಟಿಫಿಕೇಟ್ ಬಂದ್ರೆ ಆ ಸಿನಿಮಾ ಹಾಗೇ ಟಿವಿಯಲ್ಲಿ ಬರೋ ಹಾಗಿಲ್ಲ, ಮತ್ತೆ ಕತ್ತರಿ ಹಾಕಿ ಬೇರೆ ಸರ್ಟಿಫಿಕೇಟ್ ತರ್ಬೇಕು. ಕಾಮಿಡಿ ಸಿನಿಮಾ ಅಂದ್ರೆ ಅಜ್ಜಿಯಿಂದ ಮೊಮ್ಮಗನ ತನಕ ಮನೆಯವ್ರೆಲ್ಲಾ ಒಟ್ಟಿಗೆ ಬರೋ ಸಿನಿಮಾ, ಒಂದು ಹಸಿ ಮಾತಿಗೋಸ್ಕರ ಐದು ಟಿಕೇಟು ಎರಡು ಆಗಿಬಿಡತ್ತೆ. ಮೂರೂ ಜನ ಪಾಲುದಾರರ ಮಧ್ಯೆ ಯಾರದ್ದು ಎಷ್ಟು, ಲೆಕ್ಕ ಯಾರು ಇಡ್ತಾರೆ, ಬಜೆಟ್ ದಾಟಿದ್ರೆ ಹೆಚ್ಚಿನ ದುಡ್ಡು ಯಾರು ಹಾಕೋದು ಅನ್ನೋದನ್ನ ಸ್ನೇಹಿತ್ರು ಈ ಸಲ ರಜೆಗೆ ಊರಿಗೆ ಬಂದಾಗಲೇ ಕೂತು ಬರೆದು ಸಹಿ ಮಾಡ್ಸಿ. ಸ್ಕ್ರಿಪ್ಟ್ ಮುಗಿದ್ಮೇಲೆ ನನಗೊಂದು ಪ್ರತಿ ಕಳ್ಸಿ, ಓದಿ ಹೇಳ್ತೀನಿ.